ಹುರಿಹಿಟ್ಟು, ಹಣ್ಣು ಮತ್ತು ನಮ್ಮ ಹೊತ್ತಾರೆಯ ತುತ್ತು



ಇವತ್ತಿನ ಮಾತು ಗೊಬ್ಬರದ್ದಲ್ಲ, ಬೀಜದ್ದೂ ಅಲ್ಲ. ಹೊತ್ತಾರೆ ಎದ್ದು ಮುಖ ತೊಳೆದು ಮೊದಲು ಬಾಯಿಗೆ ಹಾಕಿಕೊಳ್ಳುವ ತುತ್ತಿನ ಮಾತು. ಆ ತುತ್ತಿಗೂ ಒಂದು ಚರಿತ್ರೆ ಉಂಟು. ರಾಜರ ಚರಿತ್ರೆಯಷ್ಟೇ ಹಳೆಯದು, ಅದಕ್ಕಿಂತ ನಮಗೆ ಹತ್ತಿರದ್ದು.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವನ್ನು ನಮ್ಮ ಸೀಮೆಯವರು ಅರಿಯದೆ ಇಲ್ಲ. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹರಕೆ ಹೊತ್ತು ಹಿಂದೂಗಳೂ ಮುಸಲ್ಮಾನರೂ ಬರುವ ಊರು ಅದು. ಮನೆಯೊಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಎಂದು ಮೂರು ಮಾತೂ ಬಲ್ಲ ಜನ. ಸುತ್ತ ಬೆದ್ದಲು ಹೊಲ; ರಾಗಿ, ಅವರೆ, ಕಡಲೆಕಾಯಿ. ನೀರಿದ್ದ ಕಡೆ ಟೊಮೇಟೊ, ಹಿಪ್ಪುನೇರಳೆ. ಅಲ್ಲಲ್ಲಿ ಮಾವಿನ ತೋಪು. ವರ್ಷವಿಡೀ ಹರಿಯುವ ನದಿ ಈ ಸೀಮೆಗೆ ಇಲ್ಲ. ಕೆರೆ ತುಂಬಿದರೆ ಉಂಟು, ಇಲ್ಲವಾದರೆ ಕೊಳವೆಬಾವಿಯ ಪಾತಾಳ.

ಇಂಥ ಒಂದು ಊರಿನಲ್ಲಿ, ಮಾವಿನ ಸುಗ್ಗಿಯ ದಿನ, ಒಂದು ಮನೆಯ ಜಗಲಿಯ ಮೇಲೆ ಹೀಗೊಂದು ಮಾತು ನಡೆಯಿತು ಅನ್ನಿ.

"ಏನಮ್ಮಾ, ಮಗ ಏನು ತಿಂದು ಇಸ್ಕೂಲಿಗೆ ಹೋದ?"

"ಹೊತ್ತಾಗಿಬಿಟ್ಟಿತ್ತು ಅತ್ತೆ. ಟೀಯಲ್ಲಿ ಎರಡು ಬಿಸ್ಕತ್ತು ಅದ್ದಿಕೊಂಡು ತಿಂದ, ಬಸ್ಸು ಬಂತು, ಓಡಿಹೋದ."

"ಕೊಟ್ಟಿಗೆ ತುಂಬಾ ಹಣ್ಣೈತಲ್ಲೇ! ಒಂದು ಕುಯ್ದು ಕೊಡಬಾರದಾಗಿತ್ತಾ?"

"ಅದು ಮಂಡಿಗೆ ಅಲ್ವಾ ಅತ್ತೆ. ನಿಮ್ಮ ಮಗ ಎಣಿಸಿ ಇಟ್ಟವ್ರೆ."

ಇಷ್ಟೇ ಮಾತು. ಆದರೆ ಯೋಚಿಸಿ ನೋಡಿ. ಹಾಲು ಡೈರಿಗೆ ಹೋಯಿತು. ಹಣ್ಣು ಮಂಡಿಗೆ ಹೋಯಿತು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಮಗು ಮಾತ್ರ ಬಿಸ್ಕತ್ತು ತಿಂದು ಶಾಲೆಗೆ ಹೋಯಿತು. ಬೆಳೆದವನ ಮನೆಯಲ್ಲೇ ಬೆಳೆದದ್ದು ಇಲ್ಲವಾಗುವ ಈ ಪರಿಸ್ಥಿತಿ ಯಾವಾಗ ಬಂತು, ಹೇಗೆ ಬಂತು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ, ಐದೇ ನಿಮಿಷದಲ್ಲಿ ಒಲೆ ಹಚ್ಚದೆ ಮಾಡಬಹುದಾದ ಒಂದು ಹಳೆಯ ತಿಂಡಿ ನಮ್ಮ ಕೈಗೆ ಸಿಕ್ಕುತ್ತದೆ. ರಾಗಿಯ ಹುರಿಹಿಟ್ಟಿಗೆ ಮಾಗಿದ ಹಣ್ಣು, ಬೆಲ್ಲ, ಕಡಲೆಕಾಯಿ ಬೀಜ ಕಲಸಿದ ತಿಂಡಿ. ಹುರಿಹಿಟ್ಟೆಂದರೆ ಪುಸ್ತಕದ ಮಾತಾಯಿತು. ನಮ್ಮ ಬಾಯಲ್ಲಿ ಅದು ಹುರಿಟ್ಟು.

ನಮ್ಮ ಹಿರಿಯರ ಮನೆಗಳಲ್ಲಿ "ಬೆಳಗಿನ ತಿಂಡಿ" ಎಂಬ ಪ್ರತ್ಯೇಕ ಅಡುಗೆಯೇ ಅಪರೂಪವಾಗಿತ್ತು. ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವುದು, ಇಲ್ಲವೇ ಅಂಬಲಿ, ಇಲ್ಲವೇ ತಂಗಳನ್ನ. ಇಡ್ಲಿ ದೋಸೆಗಳು ಹಬ್ಬ ಹುಣ್ಣಿಮೆಗೆ, ನೆಂಟರು ಬಂದಾಗ. ಕಾಫಿ, ಟೀ, ಹೋಟೆಲಿನ ತಿಂಡಿ ಎಲ್ಲ ಹಳ್ಳಿಯ ಬಾಗಿಲಿಗೆ ಬಂದದ್ದು ಈಚಿನ ನೂರು ವರ್ಷಗಳಲ್ಲಿ. ಆದರೆ ಹೊತ್ತಿಲ್ಲದ ಹೊತ್ತಿನಲ್ಲಿ, ಒಲೆ ಹಚ್ಚಲು ಆಗದ ಕಡೆ ತಿನ್ನಲು ಒಂದು ವಸ್ತು ಬೇಕಲ್ಲ? ದೂರದ ಜಾತ್ರೆಗೆ ಗಾಡಿ ಕಟ್ಟಿದವರು, ಕುರಿ ಹೊಡೆದುಕೊಂಡು ಹೋದವರು, ಬಾಣಂತಿಯರು, ಶಾಲೆಯಿಂದ ಹಸಿದು ಬಂದ ಮಕ್ಕಳು, ಇವರಿಗೆಲ್ಲ ಹುರಿಹಿಟ್ಟು ಬುತ್ತಿಯಾಗಿತ್ತು. ನೀರೋ ಮಜ್ಜಿಗೆಯೋ ಸಿಕ್ಕಿದ್ದರಲ್ಲಿ ಕಲಸಿದರೆ ಊಟವಾಯಿತು. ಬಾಳೆಹಣ್ಣು ಸಿಕ್ಕಿದರೆ ಹಬ್ಬವಾಯಿತು.

ಈ ತಿಂಡಿಯ ಬಟ್ಟಲಿನಲ್ಲಿ ಸೇರಿರುವ ಒಂದೊಂದು ಪದಾರ್ಥವೂ ಎಲ್ಲಿಂದ ಬಂತೆಂದು ನೋಡೋಣ.

ಮೊದಲು ರಾಗಿ. ರಾಗಿ ನಮ್ಮದೇ ಎಂದು ನಾವು ಎದೆ ತಟ್ಟಿಕೊಂಡು ಹೇಳುತ್ತೇವೆ. ಸಸ್ಯಶಾಸ್ತ್ರಜ್ಞರು ಅದರ ತವರು ಪೂರ್ವ ಆಫ್ರಿಕದ ಎತ್ತರದ ನೆಲ ಎನ್ನುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಬಂದ ಸೊಸೆ ಈಗ ಮನೆಯ ಯಜಮಾನಿಯಾಗಿದ್ದಾಳೆ, ಅಷ್ಟೆ. ಹದಿನಾರನೆಯ ಶತಮಾನದಲ್ಲಿ ಕನಕದಾಸರು 'ರಾಮಧಾನ್ಯಚರಿತೆ' ಬರೆದು ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ರಾಗಿಗೆ ರಾಮನಿಂದ ಗೌರವ ಕೊಡಿಸಿದರು. ಬಡವರ ಧಾನ್ಯದ ಪಕ್ಷ ವಹಿಸಿ ಒಬ್ಬ ಕವಿ ಕಾವ್ಯವನ್ನೇ ಕಟ್ಟಿದ್ದು ಸಣ್ಣ ಸಂಗತಿಯಲ್ಲ.

ರಾಗಿಗೆ ಇನ್ನೊಂದು ಗುಣ ಉಂಟು. ಅದನ್ನು ಹುಳ ಬೇಗ ಮುಟ್ಟದು. ಒಣಗಿದ ಕಾಳನ್ನು ನೆಲದ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಮಳೆ ಕೈಕೊಟ್ಟ ವರ್ಷ ಊರು ಉಳಿಯುತ್ತಿದ್ದದ್ದು ಆ ಹಗೇವಿನಿಂದ. ಒಂದರ ಹಿಂದೊಂದು ಬೆಳೆ ಹೋದಾಗ ಮಾತ್ರ ಹಗೇವೂ ಬರಿದಾಗುತ್ತಿತ್ತು. 1876ರಿಂದ 1878ರವರೆಗಿನ ದೊಡ್ಡ ಬರ, ಅಂದರೆ ಧಾತು-ಈಶ್ವರ ಸಂವತ್ಸರಗಳ ಬರ, ಹಾಗೆ ಬಂತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಖಾನೇಷುಮಾರಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಎರಡು ಅಂಕಿಗಳ ನಡುವೆ ಎಷ್ಟು ಮನೆಗಳ ದೀಪ ಆರಿತೆಂಬುದನ್ನು ನೀವೇ ಊಹಿಸಿ. ಮನೆಯ ಪಾಲನ್ನು ಮೊದಲು ಎತ್ತಿಟ್ಟು ಮಿಕ್ಕದ್ದನ್ನು ಮಾರಬೇಕೆಂಬ ಹಿರಿಯರ ಕಟ್ಟುನಿಟ್ಟಿನ ಹಿಂದೆ ಇಂಥ ಕಾಲದ ನೆನಪು ಇತ್ತು.

ಎರಡನೆಯದು ಬೆಲ್ಲ. ಕಬ್ಬು ಈ ಸೀಮೆಗೆ ಹೊಸದಲ್ಲ. ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಂತೆ ನಮ್ಮ ನಾಡನ್ನು ಸುತ್ತಿ, ಕಂಡ ಬೆಳೆ, ಕಸುಬುಗಳನ್ನೆಲ್ಲ ಬರೆದಿಟ್ಟ. ಚಿಕ್ಕಬಳ್ಳಾಪುರದಲ್ಲಿ ತಯಾರಾಗುತ್ತಿದ್ದ ಒಳ್ಳೆಯ ಸಕ್ಕರೆ, ಕಲ್ಲುಸಕ್ಕರೆಗಳ ಮಾತು ಅವನ ಬರಹದಲ್ಲಿದೆ. ಆದರೆ ಸಕ್ಕರೆ ಶ್ರೀಮಂತರ ಪಾಲಿಗೆ, ದೇವರ ಪಾಲಿಗೆ. ದರ್ಗಾದಲ್ಲಿ ಇವತ್ತಿಗೂ "ಸಕ್ಕರೆ ಓದಿಸುವುದು" ಎಂದೇ ಹೇಳುತ್ತಾರೆ. ರೈತನ ಮನೆಯ ಸಿಹಿ ಎಂದರೆ ಆಲೆಮನೆಯ ಬೆಲ್ಲ. ಹುರಿಹಿಟ್ಟಿಗೆ ಜೊತೆಯಾದದ್ದು ಈ ಬೆಲ್ಲವೇ.

ಮೂರನೆಯದು ಹಣ್ಣು. ಮಾವು ಭಾರತದ ಈಶಾನ್ಯ ಭಾಗ ಮತ್ತು ಬರ್ಮಾ ಗಡಿಯ ಕಾಡುಗಳ ಮರ. ಹಲಸು ನಮ್ಮ ಪಶ್ಚಿಮ ಘಟ್ಟದ ಮರ. ಬಾಳೆಯ ತವರು ಆಗ್ನೇಯ ಏಷ್ಯ ಮತ್ತು ನ್ಯೂಗಿನಿ ದ್ವೀಪ. ಈ ಮೂರೂ ಎಷ್ಟು ಹಿಂದೆ ಕನ್ನಡಿಗರ ಹಿತ್ತಲಿಗೆ ಬಂದವೆಂದರೆ ಇವುಗಳಿಲ್ಲದ ಮದುವೆ ಇಲ್ಲ, ಪೂಜೆ ಇಲ್ಲ.

ನಮ್ಮ ಹಳೆಯ ಪುಸ್ತಕಗಳೂ ಇದನ್ನು ಹೇಳುತ್ತವೆ. ಕ್ರಿ.ಶ. 1025ರ ಸುಮಾರಿಗೆ ಚಾಲುಕ್ಯರ ಕಾಲದಲ್ಲಿ ಎರಡನೆಯ ಚಾವುಂಡರಾಯನೆಂಬಾತ 'ಲೋಕೋಪಕಾರ' ಎಂಬ ಕನ್ನಡ ಗ್ರಂಥ ಬರೆದ. ಹೆಸರೇ ಹೇಳುವಂತೆ ಲೋಕಕ್ಕೆ ಉಪಕಾರವಾಗುವ ವಿಷಯಗಳ ಪುಸ್ತಕ ಅದು. ಗಿಡಮರಗಳ ಆರೈಕೆಯನ್ನು ಹೇಳುವ ವೃಕ್ಷಾಯುರ್ವೇದವೂ ಅಡುಗೆಯನ್ನು ಹೇಳುವ ಸೂಪಶಾಸ್ತ್ರವೂ ಅದರಲ್ಲಿ ಒಂದೇ ಕಡೆ ಇವೆ. ಸಾವಿರ ವರ್ಷಗಳ ಹಿಂದಿನ ಆ ಪುಸ್ತಕದಲ್ಲಿ ತೋಟಕ್ಕೂ ಅಡುಗೆಮನೆಗೂ ನಡುವೆ ಗೋಡೆ ಇಲ್ಲ ನೋಡಿ! ಈಗ ತೋಟದ ಮಾತು ಗಂಡಸರಿಗೆ, ಅಡುಗೆಯ ಮಾತು ಹೆಂಗಸರಿಗೆ ಎಂದು ಎರಡು ಮಾಡಿಬಿಟ್ಟಿದ್ದೇವೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಅಡುಗೆಗೆಂದೇ 'ಸೂಪಶಾಸ್ತ್ರ' ಬರೆದ. ಮಾಂಸವಿಲ್ಲದ ಅಡುಗೆಯ ಆ ಪುಸ್ತಕದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯ ಉಂಟು.

ಹಣ್ಣಿಗೆ ಬೆಲ್ಲ ಬೆರೆಸಿ ಕಲಸಿದ ತಿನಿಸಿಗೆ ನಮ್ಮವರು ಇಟ್ಟ ಹೆಸರು ರಸಾಯನ. ವೈದ್ಯರ ಬಾಯಲ್ಲಿ ರಸಾಯನವೆಂದರೆ ಮೈಗೆ ಬಲ ಕೊಡುವ, ಮುಪ್ಪನ್ನು ದೂರ ಇಡುವ ಮದ್ದು. ಅಡುಗೆಮನೆ ಆ ದೊಡ್ಡ ಹೆಸರನ್ನು ಬಾಳೆಹಣ್ಣಿನ ಬಟ್ಟಲಿಗೆ ಕೊಟ್ಟಿತು. ರಾಮನವಮಿಯ ದಿನ ಪಾನಕ, ಕೋಸಂಬರಿಗಳ ಜೊತೆ ಕರಬೂಜದ ಹಣ್ಣನ್ನೋ ಬಾಳೆಹಣ್ಣನ್ನೋ ಬೆಲ್ಲದಲ್ಲಿ ಕಲಸಿ ಹಂಚುವುದನ್ನು ನೀವೆಲ್ಲ ಕಂಡಿದ್ದೀರಿ. ರಂಜಾನ್ ತಿಂಗಳಲ್ಲಿ ಮುಸಲ್ಮಾನ ಬಂಧುಗಳು ಸಂಜೆ ಉಪವಾಸ ಬಿಡುವಾಗ ಮೊದಲು ಖರ್ಜೂರ, ಆಮೇಲೆ ಬೇರೆ ಹಣ್ಣಿನ ಹೋಳು ತಿನ್ನುತ್ತಾರೆ. ಸಂಕ್ರಾಂತಿಗೆ ಎಳಚಿ ಹಣ್ಣು, ಕಬ್ಬಿನ ಚೂರುಗಳನ್ನು ಮಕ್ಕಳ ತಲೆಯ ಮೇಲೆ ಎರೆಯುತ್ತೇವೆ. ಹಸಿದ ಹೊಟ್ಟೆಗೂ ಬೆಳೆಯುವ ಮಗುವಿಗೂ ಹಣ್ಣು ಒಳ್ಳೆಯದೆಂಬ ತಿಳಿವಳಿಕೆ ಎರಡು ಧರ್ಮದವರ ಆಚಾರದಲ್ಲೂ ಕೂತಿದೆ. ಹಬ್ಬದ ದಿನ ನೆನಪಾಗುವುದು ವಾರದ ದಿನ ಮರೆತುಹೋಗುತ್ತದೆ, ಅದೇ ತೊಂದರೆ.

ಇನ್ನು ಕೆಲವು ಹಣ್ಣುಗಳು ಕಡಲು ದಾಟಿ ಬಂದವು. 1498ರಲ್ಲಿ ಪೋರ್ಚುಗೀಸರು ಮಲಬಾರಿನ ತೀರ ಮುಟ್ಟಿದರು, 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಹಡಗುಗಳ ಕಾಲದಲ್ಲಿ ಅಮೆರಿಕ ಖಂಡದ ಗಿಡಗಳು ನಮ್ಮ ನೆಲಕ್ಕಿಳಿದವು. ಪರಂಗಿ ಹಣ್ಣಿನ ಹೆಸರಲ್ಲೇ ಅದರ ಚರಿತ್ರೆ ಇದೆ. ಪರಂಗಿಯವರು, ಅಂದರೆ ಫಿರಂಗಿಗಳು, ತಂದ ಹಣ್ಣು. ಸೀಬೆ, ಸಪೋಟ, ಅನಾನಸು ಕೂಡ ಅಮೆರಿಕ ಖಂಡದವೇ. ಸೀತಾಫಲವಂತೂ ನಮ್ಮ ಗುಡ್ಡಗಳಲ್ಲಿ ತಾನೇ ತಾನಾಗಿ ಬೆಳೆದು ಸೀತಮ್ಮನ ಹೆಸರು ಪಡೆದುಬಿಟ್ಟಿದೆ, ಅದರ ಮೂಲವೂ ಅಮೆರಿಕವೇ! ಕಡಲೆಕಾಯಿಯೂ ಅಲ್ಲಿಯದೇ. ಅದು ನಮ್ಮ ಕೆಂಪು ಬೆದ್ದಲಿಗೆ ಬೆಳೆಯಾಗಿ ಹರಡಿದ್ದು ಬಹಳ ತಡವಾಗಿ, ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳಲ್ಲಿ. ಹೀಗೆ ನೋಡಿದರೆ ಆಫ್ರಿಕದ ರಾಗಿ, ಆಗ್ನೇಯ ಏಷ್ಯದ ಬಾಳೆ, ಅಮೆರಿಕದ ಕಡಲೆಕಾಯಿ, ನಮ್ಮ ಆಲೆಮನೆಯ ಬೆಲ್ಲ ಎಲ್ಲ ಕೂಡಿ ನಿಮ್ಮ ಮನೆಯ ಒಂದು ಬಟ್ಟಲಿನಲ್ಲಿ ಸಂಸಾರ ಮಾಡುತ್ತವೆ.

ಹಾಗಾದರೆ ಈ ಸಂಸಾರ ಒಡೆದದ್ದು ಎಂದು?

ಹಿಂದೆ ಹಣ್ಣಿನ ಮರ ಹಿತ್ತಲಿನದು, ಬದುವಿನದು, ಊರ ತೋಪಿನದು. ಮಾರುವ ಬೆಳೆಯೆಂದು ಅದನ್ನು ಯಾರೂ ಎಣಿಸುತ್ತಿರಲಿಲ್ಲ. ದಾರಿಹೋಕನೂ ಒಂದು ಕಿತ್ತು ತಿನ್ನುತ್ತಿದ್ದ. ತೋಟಗಾರಿಕೆ ಸರಕಾರದ ಕೆಲಸವಾಗಿ ಬೆಳೆದದ್ದು ಲಾಲ್‌ಬಾಗಿನಿಂದ. 1760ರಲ್ಲಿ ಹೈದರಾಲಿ ಶುರುಮಾಡಿದ ಆ ತೋಟ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. ದೇಶವಿದೇಶದ ಗಿಡ ತರಿಸಿ, ನೋಡಿ, ಸಸಿ ಮಾಡಿ ರೈತರಿಗೆ ಕೊಡುವ ಕೆಲಸ ಅಲ್ಲಿ ನಡೆಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದ ಡಾ. ಎಂ. ಎಚ್. ಮರಿಗೌಡರು ಈ ಕೆಲಸಕ್ಕೆ ಹೊಸ ವೇಗ ಕೊಟ್ಟರು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ಅವರೇ ಅದರ ನಿರ್ದೇಶಕರು. ಮಳೆ ಕಡಿಮೆಯ ನೆಲದಲ್ಲೂ ಹಣ್ಣಿನ ಮರ ನಿಲ್ಲಬಲ್ಲದು, ಮೊದಲೆರಡು ಮೂರು ವರ್ಷ ಬಿಂದಿಗೆ ನೀರು ಹೊತ್ತು ಹಾಕಿದರೆ ಆಮೇಲೆ ಅದು ರೈತನನ್ನೇ ಸಾಕುತ್ತದೆ ಎಂಬುದು ಒಣಭೂಮಿಯ ತೋಟಗಾರಿಕೆಯ ಪಾಠ. ನಾಡಿನ ತುಂಬ ನೂರಾರು ಸಸ್ಯಕ್ಷೇತ್ರಗಳು ಎದ್ದವು. ಅದಕ್ಕೂ ಮುಂಚೆ, 1959ರಲ್ಲಿ, ದ್ರಾಕ್ಷಿ ಬೆಳೆಗಾರರಿಗಾಗಿ ಬೆಂಗಳೂರಿನಲ್ಲಿ ಒಂದು ಸಹಕಾರ ಸಂಘ ಹುಟ್ಟಿತ್ತು. ಇವತ್ತು ನಾವು ಹಾಪ್‌ಕಾಮ್ಸ್ ಎಂದು ಕರೆಯುವುದು ಅದನ್ನೇ.

ಇದರಿಂದ ರೈತನಿಗೆ ಒಳ್ಳೆಯದೇ ಆಯಿತು. ರಾಗಿ ಕೈಕೊಟ್ಟ ವರ್ಷ ಮಾವು ಮನೆ ನಡೆಸಿತು. ದ್ರಾಕ್ಷಿ ಮಕ್ಕಳನ್ನು ಓದಿಸಿತು. ಅಂದಿನ ಕೋಲಾರ ಜಿಲ್ಲೆ, 2007ರಲ್ಲಿ ಅದರಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆ, ಎರಡೂ ಹಣ್ಣಿಗೆ ಹೆಸರಾದವು. ಬೆಂಗಳೂರು ನೀಲಿ ದ್ರಾಕ್ಷಿಗೆ ಸ್ಥಳನಾಮದ ಮುದ್ರೆಯೂ ಬಂತು. ಇದನ್ನೆಲ್ಲ ಬೇಡವೆನ್ನುವ ಮೂರ್ಖತನ ಯಾರೂ ಮಾಡಬಾರದು. ಆದರೆ ಈ ಲಾಭದ ಬೆನ್ನಿಗೆ ಒಂದು ಸಣ್ಣ ನಷ್ಟ ಯಾರಿಗೂ ಕಾಣದಂತೆ ಒಳಗೆ ಬಂತು. ಹಿತ್ತಲಿನ ಹಣ್ಣು ಲೆಕ್ಕದ ಹಣ್ಣಾಯಿತು. ಫಸಲು ಮರದ ಮೇಲಿರುವಾಗಲೇ ವ್ಯಾಪಾರಿಗೆ ಗುತ್ತಿಗೆ ಕೊಟ್ಟ ಮೇಲೆ, ತನ್ನ ತೋಪಿನ ಹಣ್ಣನ್ನು ತಾನೇ ಕೀಳಲು ರೈತನಿಗೆ ಮುಜುಗರ. ಮನೆಗೆ ಉಳಿದದ್ದು ಗಾಳಿಗೆ ಬಿದ್ದದ್ದು, ಪೆಟ್ಟು ತಿಂದದ್ದು.

ಮಂಡಿಯನ್ನೇ ಪೂರಾ ನಂಬಿದರೆ ಏನಾಗುತ್ತದೆಂಬುದನ್ನು 2025ರ ಜೂನ್ ತಿಂಗಳು ತೋರಿಸಿತು. ನಮ್ಮ ಕಡೆಯ ತೋತಾಪುರಿ ಮಾವು ಬಹುಪಾಲು ಹೋಗುವುದು ಆಂಧ್ರದ ಚಿತ್ತೂರು ಕಡೆಯ ತಿರುಳು ತೆಗೆಯುವ ಕಾರ್ಖಾನೆಗಳಿಗೆ. ಆ ವರ್ಷ ಅಲ್ಲಿಯ ರೈತರ ಹಣ್ಣಿಗೇ ಬೆಲೆ ಇಲ್ಲವೆಂದು ಚಿತ್ತೂರಿನ ಜಿಲ್ಲಾಡಳಿತ ಹೊರಗಿನ ತೋತಾಪುರಿಯನ್ನು ಗಡಿಯಲ್ಲೇ ತಡೆಯಿತು. ಶ್ರೀನಿವಾಸಪುರದಲ್ಲಿ ಬೆಳೆಗಾರರು ಬೀದಿಗಿಳಿದರು. ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕೊನೆಗೆ ಬೆಲೆಯ ಕೊರತೆ ತುಂಬಿಕೊಡಲು ಕೇಂದ್ರ ಸರಕಾರವೂ ಒಪ್ಪಬೇಕಾಯಿತು. ಹಣ್ಣಿಗೆ ಬೆಲೆ ಬಿದ್ದರೂ ಅದರೊಳಗಿನ ಸತ್ವ ಬೀಳುವುದಿಲ್ಲ. ಅಷ್ಟು ಹಣ್ಣಿದ್ದ ಮನೆಗಳಲ್ಲಿ ಆ ವಾರವೂ ಮಕ್ಕಳು ಅಂಗಡಿಯ ಬಿಸ್ಕತ್ತನ್ನೇ ತಿಂದು ಶಾಲೆಗೆ ಹೋಗಿದ್ದರೆ, ಅದಕ್ಕೆ ಚಿತ್ತೂರಿನವರನ್ನು ದೂರಿ ಏನು ಪ್ರಯೋಜನ?

"ಅಲ್ಲ ಸ್ವಾಮಿ, ಹಣ್ಣು ತಿಂದರೆ ಹೊಟ್ಟೆ ತುಂಬುತ್ತದೆಯೇ? ಗೇಯುವ ಮೈಗೆ ಅದು ಎಲ್ಲಿಗೆ ಸಾಲುತ್ತದೆ?" ಎಂದು ಯಜಮಾನರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರೀ ಹಣ್ಣು ಸಾಲದು. ಅದಕ್ಕೇ ಹಿರಿಯರು ಹುರಿಹಿಟ್ಟು ಬೆರೆಸಿದ್ದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶ ಉಂಟು. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಎಲುಬಿಗೂ ಹಲ್ಲಿಗೂ ಬೇಕಾದದ್ದು ಇದು. ಹಾಲೆಲ್ಲ ಡೈರಿಗೆ ಹಾಕುವ ಮನೆಯಲ್ಲಿ, ಹಸು ಬತ್ತಿದ ಕಾಲದಲ್ಲಿ, ರಾಗಿಯ ಬೆಲೆ ತಿಳಿಯುತ್ತದೆ. ಕಡಲೆಕಾಯಿ ಬೀಜದಲ್ಲಿ ನೂರಕ್ಕೆ 24, 25 ಪಾಲು ಸಸಾರಜನಕ, ಜೊತೆಗೆ ಎಣ್ಣೆ. 1950ರಲ್ಲಿ ಮೈಸೂರಿನಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಸ್ಥಾಪನೆಯಾದ ಮೇಲೆ ಅಲ್ಲಿಯ ವಿಜ್ಞಾನಿಗಳು ಬಡವರ ಪುಷ್ಟಿಗೆಂದು ಬಹೂಪಯೋಗಿ ಆಹಾರವೊಂದನ್ನು ತಯಾರಿಸಿದರು. ಅದರಲ್ಲಿದ್ದದ್ದು ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು. ಸಂಕ್ರಾಂತಿಯ ಎಳ್ಳುಬೆಲ್ಲದ ತಟ್ಟೆಯಲ್ಲಿ ಕಡಲೆಕಾಯಿ ಬೀಜ, ಹುರಿಗಡಲೆಗಳನ್ನು ಕೂಡಿಸಿದ ನಮ್ಮ ಅಜ್ಜಿಯರು ಅದೇ ದಾರಿಯಲ್ಲಿದ್ದರು.

ಇನ್ನು ಹಣ್ಣಿನ ಕೆಲಸ ಏನು? ರಾಗಿಯಲ್ಲಿ ಕಬ್ಬಿಣದ ಅಂಶ ಉಂಟು; ಆದರೆ ಧಾನ್ಯದ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಸೇರುತ್ತದೆ. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಈ ಜೀವಸತ್ವ 200 ಮಿಲಿಗ್ರಾಂಗೂ ಮೇಲೆ. ಪರಂಗಿ, ಮಾವು, ನಿಂಬೆಗಳಲ್ಲೂ ಉಂಟು. ಬಾಳೆಹಣ್ಣಿನಲ್ಲಿ ಇದು ಕಡಿಮೆ, ಆದ್ದರಿಂದ ನಾಲ್ಕು ಹನಿ ನಿಂಬೆರಸ ಹಿಂಡಬೇಕು. ಟೀ, ಕಾಫಿ ಮಾತ್ರ ಇದಕ್ಕೆ ವೈರಿ. ಊಟದ ಜೊತೆ ಕುಡಿದರೆ ಕಬ್ಬಿಣ ಮೈಗೆ ಹತ್ತದಂತೆ ಅಡ್ಡ ಬರುತ್ತವೆ. ಕುಡಿಯಲೇಬೇಕೆಂದರೆ ಒಂದು ಗಂಟೆ ಬಿಟ್ಟು ಕುಡಿಯಿರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಸಲಹೆಯಲ್ಲಿ ಒಬ್ಬರಿಗೆ ದಿನಕ್ಕೆ ನೂರು ಗ್ರಾಂ ಹಣ್ಣು ಬೇಕೆಂದಿದೆ. ನೂರು ಗ್ರಾಂ ಎಂದರೆ ಒಂದು ಸಾಧಾರಣ ಸೀಬೆಹಣ್ಣು, ಅಷ್ಟೆ. ಇಷ್ಟಕ್ಕೆ ಮಂಡಿಯ ಲೆಕ್ಕ ಕೆಡುತ್ತದೆಯೇ?

ಈಗ ಮಾಡುವ ಬಗೆ ಕೇಳಿ. ಹುರಿಹಿಟ್ಟನ್ನು ಬಿಡುವಿನ ದಿನ ಮಾಡಿಟ್ಟುಕೊಳ್ಳಬೇಕು. ಎರಡು ಸೇರು ರಾಗಿಯನ್ನು ಕಲ್ಲು ಮಣ್ಣಿಲ್ಲದಂತೆ ಕೇರಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ರಾತ್ರಿ ಕಟ್ಟಿಡಿ. ಬೆಳಿಗ್ಗೆ ನೆರಳಲ್ಲಿ ಹರವಿ, ಮೇಲಿನ ಪಸೆ ಆರಿದ ಮೇಲೆ ಚೆನ್ನಾಗಿ ಕಾದ ಬಾಂಡ್ಲಿಯಲ್ಲಿ ಒಂದೊಂದೇ ಹಿಡಿ ಹಾಕಿ ಹುರಿಯಿರಿ. ಕಾಳು ಚಟಪಟ ಎಂದು ಬೆಳ್ಳಗೆ ಅರಳುತ್ತದೆ. ಕರಿಯಾಗಲು ಬಿಡಬೇಡಿ, ಕಹಿಯಾಗುತ್ತದೆ. ಅರಳಿದ್ದಕ್ಕೆ ಒಂದು ಪಾವು ಹುರಿಗಡಲೆ, ನಾಲ್ಕು ಏಲಕ್ಕಿ ಸೇರಿಸಿ ಬೀಸಿ. ಹಿಟ್ಟು ಪೂರಾ ಆರಿದ ಮೇಲೆ ಒಣಗಿದ ಡಬ್ಬದಲ್ಲಿ ತುಂಬಿ ಬಿಗಿಯಾಗಿ ಮುಚ್ಚಿ. ತಿಂಗಳೊಪ್ಪತ್ತು ಇರುತ್ತದೆ. ಒದ್ದೆ ಚಮಚ ಹಾಕಿದಿರೋ, ಕೆಟ್ಟಿತು.

ಬೆಳಿಗ್ಗೆ ನಾಲ್ವರಿಗೆ ಇಷ್ಟು ಸಾಕು. ಚೆನ್ನಾಗಿ ಮಾಗಿದ ಏಲಕ್ಕಿ ಬಾಳೆಹಣ್ಣು ಎಂಟು, ಒಂದು ಪಾವು ಹುರಿಹಿಟ್ಟು, ಒಂದು ಸಣ್ಣ ಹಿಡಿ ಪುಡಿ ಬೆಲ್ಲ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜದ ತರಿ, ಇದ್ದರೆ ಎರಡು ಚಮಚ ತೆಂಗಿನ ತುರಿ. ಹಣ್ಣನ್ನು ಕಿವುಚಿ, ಬೆಲ್ಲ ಕರಗಿಸಿ, ನಿಂಬೆ ಹಿಂಡಿ, ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ ಕಲಸಿ. ಗಟ್ಟಿಯಾದರೆ ಕಾಯಿಸಿ ಆರಿಸಿದ ನೀರು ಹಾಕಿ. ಹಣ್ಣು ಸಿಹಿಯಾಗಿದ್ದರೆ ಬೆಲ್ಲವನ್ನು ಬಿಟ್ಟರೂ ನಡೆದೀತು. ಗಟ್ಟಿಯಾಗಿ ಕಲಸಿ ಉಂಡೆ ಕಟ್ಟಿದರೆ ಹೊಲಕ್ಕೆ ಬುತ್ತಿ. ಕಲಸಿದ್ದನ್ನು ಅದೇ ಹೊತ್ತಿನಲ್ಲಿ ತಿಂದು ಮುಗಿಸಬೇಕು, ಸಂಜೆಗೆ ಇಡಬಾರದು.

ಬಾಳೆಹಣ್ಣೇ ಆಗಬೇಕೆಂದಿಲ್ಲ. ಮೇ ತಿಂಗಳಿಂದ ಜುಲೈವರೆಗೆ ಮಾವಿದೆ. ರಸಪುರಿಯ ರಸಕ್ಕೆ ತೊಳೆದ ತೆಳು ಅವಲಕ್ಕಿ ಹಾಕಿದರೂ ಒಂದು ತಿಂಡಿ. ಮಳೆ ನಿಂತ ಮೇಲೆ ಸೀತಾಫಲ, ಸೀಬೆ. ಪರಂಗಿ ಮತ್ತು ಬಾಳೆ ವರ್ಷವಿಡೀ. ತೋತಾಪುರಿಗೆ ಬೆಲೆ ಇಲ್ಲದ ವಾರ ತಿರುಳನ್ನು ಜರಡಿ ಹಿಡಿದು, ಶುಭ್ರವಾದ ಚಾಪೆಯ ಮೇಲೆ ಪದರ ಪದರವಾಗಿ ಬಿಸಿಲಿಗೆ ಒಣಗಿಸಿ. ನಮ್ಮ ಗಡಿಯವರು ತಾಂಡ್ರ ಎನ್ನುವ ಈ ಮಾವಿನ ಹಾಳೆ ತಿಂಗಳುಗಟ್ಟಲೆ ಇರುತ್ತದೆ. ಶಾಲೆಯ ಚೀಲದಲ್ಲಿ ಬಿಸ್ಕತ್ತಿನ ಜಾಗಕ್ಕೆ ಇದು ಕೂತೀತು.

ಕೆಲವು ಎಚ್ಚರಿಕೆಯ ಮಾತು. ಹಣ್ಣನ್ನು ಹುಲ್ಲಿನಲ್ಲಿ ಮಾಗಿಸಿ. ಕಾರ್ಬೈಡು ಕಾನೂನಿಗೂ ವಿರುದ್ಧ, ಮೈಗೂ ವಿಷ. ದ್ರಾಕ್ಷಿಯನ್ನು ಎರಡು ಮೂರು ನೀರಿನಲ್ಲಿ ತೊಳೆಯದೆ ಮಕ್ಕಳಿಗೆ ಕೊಡಬೇಡಿ. ಔಷಧ ಹೊಡೆದ ದಿನ ನಿಮಗೇ ಗೊತ್ತಿರುತ್ತದೆ. ಕಪ್ಪಾದ, ಬೂಷ್ಟು ಹಿಡಿದ ಕಡಲೆಕಾಯಿ ಬೀಜ ಎಸೆಯಿರಿ. ತೀರ ಸಣ್ಣ ಮಕ್ಕಳಿಗೆ ಬೀಜವನ್ನು ಇಡಿಯಾಗಿ ಕೊಡಬಾರದು, ಗಂಟಲಿಗೆ ಸಿಕ್ಕೀತು. ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಬಿಟ್ಟು, ವೈದ್ಯರನ್ನು ಕೇಳಿ ಹಣ್ಣಿನ ಅಳತೆ ಗೊತ್ತುಮಾಡಿಕೊಳ್ಳಲಿ.

"ನಮಗೆ ತೋಪೂ ಇಲ್ಲ, ಜಮೀನೂ ಇಲ್ಲ" ಎನ್ನುವವರಿಗೂ ಒಂದು ಮಾತು. ಪಾತ್ರೆ ತೊಳೆದ ನೀರು ಹರಿಯುವ ಕಡೆ ಒಂದು ಪರಂಗಿ ಗಿಡ, ಒಂದು ಬಾಳೆ ಬುಡ ಹಾಕಿ. ಪರಂಗಿ ವರ್ಷದೊಳಗೆ ಫಲಕ್ಕೆ ಬರುತ್ತದೆ. ಸರಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಬಂದಿದೆ. 2024ರ ಫೆಬ್ರವರಿಯಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವುದೂ ಶುರುವಾಯಿತು. ಶಾಲೆಗೆ ರಾಗಿಯೂ ಹಣ್ಣೂ ಬೇಕೆಂದು ಗೊತ್ತಾಗಿದೆ. ಅವನ್ನು ಬೆಳೆಯುವ ಮನೆಗೆ ಗೊತ್ತಾಗದಿದ್ದರೆ ಹೇಗೆ?

ಜಗಲಿಯ ಆ ಅತ್ತೆ ಸೊಸೆಯರ ಬಳಿಗೆ ಮತ್ತೆ ಹೋಗೋಣ. ಆ ಮನೆಯ ಯಜಮಾನರಿಗೆ ಹೇಳಬೇಕಾದದ್ದು ಇಷ್ಟೇ. ಮುಂದಿನ ಸುಗ್ಗಿಗೆ ತೋಪನ್ನು ಗುತ್ತಿಗೆ ಕೊಡುವಾಗ ಒಂದು ಮರವನ್ನು ಲೆಕ್ಕದಿಂದ ಹೊರಗಿಡಿ. ವ್ಯಾಪಾರಿಗೆ ಮೊದಲೇ ಹೇಳಿಬಿಡಿ, "ಈ ಮರ ಮನೆಯದು ಕಣಪ್ಪಾ, ಇದಕ್ಕೆ ಬೆಲೆ ಕಟ್ಟಬೇಡ" ಅಂತ. ರಾಗಿ ಮಾರುವ ಮುಂಚೆ ಹುರಿಹಿಟ್ಟಿಗೆಂದು ಎರಡು ಸೇರು ಎತ್ತಿಡಿ. ಹಗೇವಿನ ಕಾಲ ಹೋಯಿತು. ಆದರೆ ಮನೆಯ ಪಾಲು ಮೊದಲು ಎಂಬ ಹಗೇವಿನ ಬುದ್ಧಿ ಹೋಗಬೇಕಾಗಿಲ್ಲ.

ನಾಳೆ ಬೆಳಿಗ್ಗೆ ಬಸ್ಸು ಬರುವುದಕ್ಕೆ ಐದು ನಿಮಿಷ ಮುಂಚೆ ಒಂದು ಬಟ್ಟಲು ಕಲಸಿ ನೋಡಿ. ಮಗು ಬಟ್ಟಲನ್ನು ಬೆರಳಿಂದ ಬಳಿದು ತಿಂದರೆ, ಈ ಮಾತು ನಿಮಗೆ ಮುಟ್ಟಿತೆಂದು ನಾವು ತಿಳಿಯುತ್ತೇವೆ.